‘ಸ್ಪಿರಿಟ್ ಕೊಡಿ’ ಎಂದರೆ ಯಾವ ಸ್ಪಿರಿಟ್? ಕೊಳ್ಳುವವರಿಗೂ ಬಳಸುವವರಿಗೂ ಒಂದು ಕೈಪಿಡಿ

ಬೆಂಗಳೂರಿನ ಯಾವುದೇ ಮೆಡಿಕಲ್ ಶಾಪಿನಲ್ಲಿ ‘ಸ್ಪಿರಿಟ್ ಕೊಡಿ’ ಎಂದರೆ ಇಂಜೆಕ್ಷನ್ ಕೊಡುವ ಮುನ್ನ ಚರ್ಮ ಒರೆಸುವ ದ್ರವ ಸಿಗುತ್ತದೆ. ಅದೇ ಮಾತನ್ನು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಹೇಳಿದರೆ ಬಡಗಿಗಳು ಪಾಲಿಶ್‌ಗೆ ಬಳಸುವ ಸ್ಪಿರಿಟ್ ಕೊಡುತ್ತಾರೆ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸ್ಪಿರಿಟ್ ಎಂದರೆ ‘ಐಪಿಎ’, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಬಣ್ಣದ ಅಂಗಡಿಯಲ್ಲಿ ವೈಟ್ ಸ್ಪಿರಿಟ್ ಇದೆ, ಅದರಲ್ಲಿ ಒಂದು ಹನಿ ಆಲ್ಕೋಹಾಲ್ ಕೂಡ ಇಲ್ಲ. ಪೆಟ್ರೋಲ್ ಬಂಕಿನವರು ಲೆಕ್ಕದಲ್ಲಿ ಬರೆಯುವ ‘ಎಂಎಸ್’ ಎಂದರೆ ಮೋಟರ್ ಸ್ಪಿರಿಟ್, ಅಂದರೆ ಪೆಟ್ರೋಲೇ. ಗಾರೆ ಮೇಸ್ತ್ರಿಯ ರಸಮಟ್ಟಕ್ಕೂ ಇಂಗ್ಲಿಷಿನಲ್ಲಿ ಸ್ಪಿರಿಟ್ ಲೆವೆಲ್ ಎಂದೇ ಹೆಸರು, ಏಕೆಂದರೆ ಅದರ ಗಾಜಿನ ಕೊಳವೆಯಲ್ಲಿ ಗುಳ್ಳೆಯನ್ನು ಹಿಡಿದಿಡುತ್ತಿದ್ದದ್ದು ಆಲ್ಕೋಹಾಲ್.

ಹೆಸರು ಒಂದೇ, ಬಾಟಲಿಯ ಒಳಗಿನದು ಮಾತ್ರ ಬೇರೆ ಬೇರೆ. ಇವುಗಳಲ್ಲಿ ಒಂದನ್ನು ಇನ್ನೊಂದರ ಜಾಗದಲ್ಲಿ ಬಳಸಿದರೆ ಕೆಲವೊಮ್ಮೆ ಪಾಲಿಶ್ ಬೆಳ್ಳಗಾಗುತ್ತದೆ, ಕೆಲವೊಮ್ಮೆ ಮೊಬೈಲ್ ಬೋರ್ಡ್ ತುಕ್ಕು ಹಿಡಿಯುತ್ತದೆ, ಕೆಲವೊಮ್ಮೆ ಕಣ್ಣೇ ಹೋಗುತ್ತದೆ. ಅಂಗಡಿಯಲ್ಲಿ ಕೇಳಬೇಕಾದ್ದು ಹೆಸರನ್ನಲ್ಲ, ಅಣುವನ್ನು. ಅದಕ್ಕೆ ಬೇಕಾದ ರಸಾಯನಶಾಸ್ತ್ರ ಹೈಸ್ಕೂಲಿನದಕ್ಕಿಂತ ಹೆಚ್ಚಿಲ್ಲ.

ಮೊದಲು ಇಂಗಾಲ ಎಣಿಸಿ

ಮನೆಯಲ್ಲೂ ಕಾರ್ಖಾನೆಯಲ್ಲೂ ಸಿಗುವ ಈ ದ್ರವಗಳೆಲ್ಲ ಚಿಕ್ಕ ಸರಪಳಿಯ ಇಂಗಾಲದ ಸಂಯುಕ್ತಗಳು. ಸರಪಳಿಯಲ್ಲಿ ಎಷ್ಟು ಇಂಗಾಲ, ಅದಕ್ಕೆ ಆಕ್ಸಿಜನ್ ಅಂಟಿದೆಯೇ, ಅಂಟಿದ್ದರೆ ಹೇಗೆ ಎಂಬ ಮೂರು ಸಂಗತಿ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಒಂದು ಇಂಗಾಲದ ಆಲ್ಕೋಹಾಲ್ ಮೆಥನಾಲ್, ಕುದಿಬಿಂದು 64.7 ಡಿಗ್ರಿ ಸೆಲ್ಸಿಯಸ್. ಎರಡು ಇಂಗಾಲದ್ದು ಎಥನಾಲ್, 78.4 ಡಿಗ್ರಿ. ಮೂರು ಇಂಗಾಲದ್ದು ಐಸೊಪ್ರೊಪೈಲ್ ಆಲ್ಕೋಹಾಲ್, 82.5 ಡಿಗ್ರಿ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರೇ 97 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಹಾಗಾಗಿ ಇವೂ ಪುಸ್ತಕದ ಅಂಕಿಗಿಂತ ಎರಡು ಮೂರು ಡಿಗ್ರಿ ಮೊದಲೇ ಕುದಿಯುತ್ತವೆ.

ಈ ಮೂರೂ ನೀರಿನಲ್ಲಿ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತವೆ. ಅಣುವಿನ ಒಂದು ತುದಿಯಲ್ಲಿರುವ ಆಕ್ಸಿಜನ್-ಹೈಡ್ರೋಜನ್ ಜೋಡಿಗೆ ನೀರು ಬೇಕು, ಇನ್ನೊಂದು ತುದಿಯ ಇಂಗಾಲದ ಬಾಲಕ್ಕೆ ಎಣ್ಣೆ ಬೇಕು. ಬಾಲ ಚಿಕ್ಕದಿರುವ ತನಕ ನೀರಿನ ಸೆಳೆತವೇ ಗೆಲ್ಲುತ್ತದೆ. ನಾಲ್ಕು ಇಂಗಾಲದ ಬ್ಯೂಟನಾಲ್‌ಗೆ ಬರುವ ಹೊತ್ತಿಗೆ 100 ಮಿ.ಲೀ. ನೀರಿನಲ್ಲಿ ಕರಗುವುದು ಏಳೆಂಟು ಗ್ರಾಂ ಮಾತ್ರ. ಐದು ಇಂಗಾಲದ್ದು ಸುಮಾರು ಎರಡು ಗ್ರಾಂ, ಆರರದ್ದು ಒಂದು ಗ್ರಾಂ ಕೂಡ ಇಲ್ಲ. ಹದಿನಾರು ಇಂಗಾಲದ ಸೀಟೈಲ್ ಆಲ್ಕೋಹಾಲ್ ದ್ರವವೇ ಅಲ್ಲ, ಬಿಳಿ ಮೇಣ. ಮುಖಕ್ಕೆ ಹಚ್ಚುವ ಕ್ರೀಮುಗಳಲ್ಲಿ ಇರುವುದು ಅದೇ. ‘ಆಲ್ಕೋಹಾಲ್ ಫ್ರೀ’ ಎಂದು ಬರೆದ ಲೋಶನ್ನಿನ ಹಿಂಬದಿಯಲ್ಲಿ ‘ಸೀಟೈಲ್ ಆಲ್ಕೋಹಾಲ್’ ಕಂಡು ಮೋಸ ಎಂದುಕೊಳ್ಳಬೇಕಿಲ್ಲ. ಅಲ್ಲಿ ‘ಫ್ರೀ’ ಎಂದಿರುವುದು ಎಥನಾಲ್ ಇಲ್ಲ ಎಂಬ ಅರ್ಥದಲ್ಲಿ.

ಆಕ್ಸಿಜನ್ ಇಲ್ಲದ, ಬರೀ ಇಂಗಾಲ ಮತ್ತು ಹೈಡ್ರೋಜನ್ ಇರುವ ಸಾಲು ಬೇರೆ. ಮೂರು, ನಾಲ್ಕು ಇಂಗಾಲದ ಪ್ರೊಪೇನ್ ಮತ್ತು ಬ್ಯೂಟೇನ್ ಅಡುಗೆಮನೆಯ ಸಿಲಿಂಡರ್‌ನಲ್ಲಿವೆ. ಐದು ಆರು ಇಂಗಾಲದ ಮಿಶ್ರಣಕ್ಕೆ ಲ್ಯಾಬುಗಳಲ್ಲಿ ಪೆಟ್ರೋಲಿಯಂ ಈಥರ್ ಎನ್ನುತ್ತಾರೆ. ಪೆಟ್ರೋಲ್ ಸುಮಾರು ನಾಲ್ಕರಿಂದ ಹನ್ನೆರಡು ಇಂಗಾಲದ ಅಣುಗಳ ಕಲಸು. ಬಣ್ಣಕ್ಕೆ ಬೆರೆಸುವ ವೈಟ್ ಸ್ಪಿರಿಟ್‌ನಲ್ಲಿ ಇರುವುದು ಅದರ ಭಾರದ ತುದಿಯ ಅಣುಗಳು. ಇವು ಯಾವುವೂ ನೀರಿಗೆ ಸೇರುವುದಿಲ್ಲ, ಮೇಲೆ ತೇಲುತ್ತವೆ.

ಈ ವ್ಯತ್ಯಾಸವೇ ಒಂದು ಸರಳ ಪರೀಕ್ಷೆ. ಗಾಜಿನ ಲೋಟದಲ್ಲಿ ಐದು ಚಮಚ ನೀರು ಹಾಕಿ, ಅನುಮಾನದ ದ್ರವ ಒಂದು ಚಮಚ ಬಿಡಿ, ಕಲಕಿ ಎರಡು ನಿಮಿಷ ಇಡಿ. ಪೂರ್ತಿ ಬೆರೆತು ತಿಳಿಯಾಗಿದ್ದರೆ ಅದು ಆಲ್ಕೋಹಾಲ್ ಅಥವಾ ಅಸಿಟೋನ್ ಜಾತಿ. ಮೇಲೆ ಪದರ ಕಟ್ಟಿದರೆ ಪೆಟ್ರೋಲಿಯಂ ಜಾತಿ. ಹಾಲಿನಂತೆ ಬಿಳಿಚಿಕೊಂಡರೆ ಎರಡೂ ಸೇರಿದ ತಿನ್ನರ್, ಅಥವಾ ಏನೋ ರಾಳ ಕರಗಿರುವ ದ್ರವ. ಪರೀಕ್ಷೆಯನ್ನು ಕಿಟಕಿ ಪಕ್ಕ, ಒಲೆಯಿಂದ ದೂರ ಮಾಡಿ. ಮೂಸಿ ನೋಡಿ ಗುರುತಿಸುವ ಅಭ್ಯಾಸ ಬಿಟ್ಟುಬಿಡಿ, ಅದು ಅಪಾಯ ಮಾತ್ರವಲ್ಲ, ನಂಬಲರ್ಹವೂ ಅಲ್ಲ.

ಒಂದು ಪದ, ಹಲವು ಮನೆ

ಆಲ್ಕೋಹಾಲ್ ಎಂಬ ಪದ ಅರಬ್ಬಿಯ ‘ಅಲ್-ಕುಹ್ಲ್’ನಿಂದ ಬಂದದ್ದು. ಅದು ಕಣ್ಣಿಗೆ ಹಚ್ಚುವ ಕಾಡಿಗೆಯ ನುಣ್ಣನೆಯ ಪುಡಿ. ಪುಡಿಯಿಂದ ‘ಯಾವುದೇ ವಸ್ತುವಿನ ಶುದ್ಧ ಸಾರ’ ಎಂಬ ಅರ್ಥಕ್ಕೆ, ಅಲ್ಲಿಂದ ದ್ರಾಕ್ಷಾರಸವನ್ನು ಬಟ್ಟಿ ಇಳಿಸಿದಾಗ ಬರುವ ದ್ರವಕ್ಕೆ ಅದು ಜಾರಿತು. ಕನ್ನಡದ ಪಠ್ಯಪುಸ್ತಕಗಳ ‘ಮದ್ಯಸಾರ’ ಎಂಬ ಪದದಲ್ಲೂ ಆ ‘ಸಾರ’ ಉಳಿದಿದೆ. ಆದರೆ ಮೆಥನಾಲ್ ಅನ್ನು ‘ಮೀಥೈಲ್ ಮದ್ಯಸಾರ’ ಎಂದು ಬರೆಯುವುದರಲ್ಲಿ ತೊಡಕಿದೆ. ‘ಮದ್ಯ’ ಎಂಬ ಅಕ್ಷರ ಕಂಡರೆ ಕುಡಿಯುವ ವಸ್ತು ಎಂದು ಮನಸ್ಸು ಹೇಳುತ್ತದೆ. ಅದು ವಿಷ. ಬೋಧಿಸುವವರು ಮೆಥನಾಲ್, ಎಥನಾಲ್ ಎಂದೇ ಹೇಳುವುದು ಒಳ್ಳೆಯದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

‘ಈಥರ್’ ಇನ್ನೂ ಗೊಂದಲದ್ದು. 1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ರೋಗಿಗೆ ಅರಿವಳಿಕೆಯಾಗಿ ಕೊಟ್ಟದ್ದು ಡೈಈಥೈಲ್ ಈಥರ್, ನಾಲ್ಕು ಇಂಗಾಲದ ನಡುವೆ ಒಂದು ಆಕ್ಸಿಜನ್ ಕುಳಿತ ಅಣು, 34.6 ಡಿಗ್ರಿಗೇ ಕುದಿಯುತ್ತದೆ. ಪೆಟ್ರೋಲಿಯಂ ಈಥರ್‌ನಲ್ಲಿ ಈಥರ್ ಇಲ್ಲವೇ ಇಲ್ಲ, ಬೇಗ ಆವಿಯಾಗುವ ಗುಣಕ್ಕಾಗಿ ಆ ಹೆಸರು ಅಂಟಿಕೊಂಡಿದೆ. ಲ್ಯಾಬ್ ಸಾಮಾನು ತರುವವರು ಪಟ್ಟಿಯಲ್ಲಿ ‘ಈಥರ್’ ಎಂದಷ್ಟೇ ಬರೆಯಬಾರದು. ಡೈಈಥೈಲ್ ಈಥರ್ ಗಾಳಿ, ಬೆಳಕು ತಾಗಿ ಹಳತಾದರೆ ಪೆರಾಕ್ಸೈಡ್ ಕಟ್ಟಿಕೊಂಡು ಸಿಡಿಯಬಲ್ಲದು. ಪೆಟ್ರೋಲಿಯಂ ಈಥರ್‌ಗೆ ಆ ದೋಷವಿಲ್ಲ. ಎರಡನ್ನೂ ಇಡುವ ಬಗೆ ಬೇರೆ.

‘ಐಪಿಎ’ ಎಂಬ ಮೂರಕ್ಷರ ಇಂದಿರಾನಗರದ ಪಬ್‌ನ ಪಟ್ಟಿಯಲ್ಲಿ ಇಂಡಿಯಾ ಪೇಲ್ ಏಲ್ ಎಂಬ ಬಿಯರ್, ಎಸ್.ಪಿ. ರಸ್ತೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್.

ಪದದ ಅರ್ಥ ನ್ಯಾಯಾಲಯದವರೆಗೂ ಹೋಗಿದೆ. ಸಂವಿಧಾನದ ರಾಜ್ಯ ಪಟ್ಟಿಯಲ್ಲಿರುವ ‘ಮಾದಕ ಪಾನೀಯ’ ಎಂಬ ಮಾತಿನೊಳಗೆ ಕೈಗಾರಿಕಾ ಆಲ್ಕೋಹಾಲ್ ಬರುತ್ತದೆಯೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಅಕ್ಟೋಬರ್ 23ರಂದು 8:1ರ ಬಹುಮತದಲ್ಲಿ ಬರುತ್ತದೆ ಎಂದಿತು. ಭಿನ್ನ ತೀರ್ಪು ಬರೆದವರು ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಕೊಳ್ಳುವವರಿಗೆ ಇದರ ಪರಿಣಾಮ ಇಷ್ಟು: ರೆಕ್ಟಿಫೈಡ್ ಸ್ಪಿರಿಟ್ ಅಂದರೆ ಸುಮಾರು 95 ಶೇಕಡಾ ಎಥನಾಲ್ ಅಬಕಾರಿ ಇಲಾಖೆಯ ಹಿಡಿತದಲ್ಲಿರುವ ವಸ್ತು. ಅದನ್ನು ಯಾರಾದರೂ ಪರವಾನಗಿಯ ಮಾತೆತ್ತದೆ ಸಲೀಸಾಗಿ ಕೊಟ್ಟರೆ, ಒಳಗಿರುವುದು ಅದಲ್ಲ ಎಂದು ಅನುಮಾನಿಸಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದರಿಂದ ಮನೆಬಳಕೆಗೆ ಅದೇ ನೇರ ದಾರಿ.

ಲೇಬಲ್ ಓದುವ ಕ್ರಮ

ಕೌಂಟರಿನಲ್ಲಿ ಮಾತು ಹೀಗೆ ನಡೆದರೆ ಸಾಕು:

“ಅಣ್ಣಾ, ಬೋರ್ಡ್ ಕ್ಲೀನ್ ಮಾಡೋಕೆ ಐಪಿಎ ಬೇಕಿತ್ತು.”

“ಇದು ತಗೊಳ್ಳಿ ಸರ್, ಎಲ್ಲರೂ ಇದನ್ನೇ ತಗೊಂಡೋಗ್ತಾರೆ.”

“ಪರ್ಸೆಂಟ್ ಎಷ್ಟಿದೆ ನೋಡ್ತೀರಾ? ತೊಂಬತ್ತೊಂಬತ್ತರದ್ದು ಬೇಕು, ಎಪ್ಪತ್ತರದ್ದು ಬೇಡ. ಲೇಬಲ್ ಇಲ್ದೇ ಇರೋ ಕ್ಯಾನ್‌ನಿಂದ ಸುರಿದು ಕೊಡೋದಾದ್ರೆ ಬೇಡ.”

ಬಾಟಲಿ ಕೈಗೆ ಬಂದ ಮೇಲೆ ದಪ್ಪ ಅಕ್ಷರದ ವ್ಯಾಪಾರದ ಹೆಸರನ್ನು ಬಿಟ್ಟು ಸಣ್ಣ ಅಕ್ಷರಕ್ಕೆ ಹೋಗಿ. ಅಲ್ಲಿ ರಾಸಾಯನಿಕದ ಹೆಸರು, ಶೇಕಡಾ ಪ್ರಮಾಣ, ಸಾಧ್ಯವಾದರೆ ಸಿಎಎಸ್ ಸಂಖ್ಯೆ ನೋಡಿ. ಹೆಸರು ಹತ್ತು ಇರಬಹುದು, ಸಿಎಎಸ್ ಸಂಖ್ಯೆ ಒಂದು ಅಣುವಿಗೆ ಒಂದೇ. ಎಥನಾಲ್ 64-17-5, ಮೆಥನಾಲ್ 67-56-1, ಐಸೊಪ್ರೊಪೈಲ್ ಆಲ್ಕೋಹಾಲ್ 67-63-0, ಅಸಿಟೋನ್ 67-64-1, ಎನ್-ಹೆಕ್ಸೇನ್ 110-54-3, ಡೈಈಥೈಲ್ ಈಥರ್ 60-29-7. 67ರಿಂದ ಶುರುವಾಗುವ ಮೂರನ್ನು ಕೊನೆಯ ಅಂಕಿಯವರೆಗೂ ಓದಿ, ಒಂದು ವಿಷ, ಉಳಿದೆರಡು ದಿನಬಳಕೆಯವು.

ಐಸೊಪ್ರೊಪನಾಲ್, 2-ಪ್ರೊಪನಾಲ್, ಪ್ರೊಪಾನ್-2-ಓಲ್, ಅಮೆರಿಕದವರ ‘ರಬ್ಬಿಂಗ್ ಆಲ್ಕೋಹಾಲ್’ ಎಲ್ಲವೂ ಬಹುತೇಕ ಒಂದೇ ಅಣುವನ್ನು ಹೇಳುತ್ತವೆ. ರಬ್ಬಿಂಗ್ ಆಲ್ಕೋಹಾಲ್ ಮಾತ್ರ ಕೆಲವೊಮ್ಮೆ ಎಥನಾಲ್‌ನದ್ದೂ ಆಗಿರುತ್ತದೆ. ವುಡ್ ಸ್ಪಿರಿಟ್, ವುಡ್ ಆಲ್ಕೋಹಾಲ್, ಕಾರ್ಬಿನಾಲ್ ಎಂದಿದ್ದರೆ ಮೆಥನಾಲ್. ಮೆಥಿಲೇಟೆಡ್ ಅಥವಾ ಡಿನೇಚರ್ಡ್ ಸ್ಪಿರಿಟ್ ಎಂದರೆ ಕುಡಿಯಲಾಗದಂತೆ ಏನನ್ನೋ ಬೆರೆಸಿ ಕೆಡಿಸಿದ ಎಥನಾಲ್. ಬೆರೆಸಿದ್ದು ಮೆಥನಾಲ್ ಇರಬಹುದು, ದುರ್ವಾಸನೆಯ ಅಥವಾ ಕಹಿಯ ಬೇರೆ ವಸ್ತು ಇರಬಹುದು.

ಲಾರಿ, ಟ್ಯಾಂಕರ್, ಡ್ರಮ್ಮುಗಳ ಮೇಲೆ ಇರುವ ನಾಲ್ಕಂಕಿಯ ಯುಎನ್ ಸಂಖ್ಯೆಯೂ ಇದೇ ಕೆಲಸ ಮಾಡುತ್ತದೆ. 1203 ಪೆಟ್ರೋಲ್, 1202 ಡೀಸೆಲ್, 1075 ಎಲ್‌ಪಿಜಿ, 1170 ಎಥನಾಲ್, 1219 ಐಸೊಪ್ರೊಪೈಲ್ ಆಲ್ಕೋಹಾಲ್, 1230 ಮೆಥನಾಲ್. ಪೀಣ್ಯದ ಕಡೆ ಡ್ರಮ್ಮುಗಟ್ಟಲೆ ತರಿಸುವ ಘಟಕಗಳಲ್ಲಿ ಇಳಿಸಿಕೊಳ್ಳುವವರಿಗೆ ಕನಿಷ್ಠ 1170 ಮತ್ತು 1230ರ ವ್ಯತ್ಯಾಸ ಹೇಳಿಕೊಡಿ.

ಮೆಥನಾಲ್ ಬಗ್ಗೆ ಇಷ್ಟು ಗೊತ್ತಿರಲೇಬೇಕು

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇನಲ್ಲಿ ಬೆಂಗಳೂರು ಸುತ್ತಮುತ್ತ ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ಮತ್ತೆ ನೂರಕ್ಕೂ ಹೆಚ್ಚು ಸಾವು. ಸತ್ತವರಲ್ಲಿ ಹೆಚ್ಚಿನವರು ಕೂಲಿ ಮಾಡಿ ಬದುಕುತ್ತಿದ್ದವರು. ಒಂದೇ ಒಂದು ಇಂಗಾಲದ ವ್ಯತ್ಯಾಸ ಅದು.

ನಮ್ಮ ಯಕೃತ್ತು ಎಥನಾಲ್ ಅನ್ನು ಒಡೆಯುವ ಕಿಣ್ವದಿಂದಲೇ ಮೆಥನಾಲ್ ಅನ್ನೂ ಒಡೆಯುತ್ತದೆ. ಎಥನಾಲ್‌ನಿಂದ ಕೊನೆಗೆ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ ಬರುತ್ತದೆ, ದೇಹ ಅದನ್ನು ಅರಗಿಸಿಕೊಳ್ಳುತ್ತದೆ. ಮೆಥನಾಲ್‌ನಿಂದ ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಬರುತ್ತದೆ. ಅದು ಜೀವಕೋಶಗಳಿಗೆ ಉಸಿರಾಡಲು ಬಿಡುವುದಿಲ್ಲ, ಕಣ್ಣಿನ ನರಕ್ಕೆ ಎಲ್ಲಕ್ಕಿಂತ ಮೊದಲು ಪೆಟ್ಟು. 10 ಮಿ.ಲೀ.ನಷ್ಟು ಒಳಗೆ ಹೋದರೂ ದೃಷ್ಟಿ ಹೋಗಬಹುದು. ಲಕ್ಷಣ 12ರಿಂದ 24 ಗಂಟೆ ತಡವಾಗಿ ಬರುವುದರಿಂದ ‘ಏನೂ ಆಗಿಲ್ಲ’ ಎಂದು ಮಲಗಿದವರು ಬೆಳಗ್ಗೆ ಮಂಜು ಮಂಜಾಗಿ ಕಾಣುವ ಕಣ್ಣಿನೊಂದಿಗೆ ಏಳುತ್ತಾರೆ.

ಮೆಥನಾಲ್ ಬೆರೆತಿದೆಯೇ ಎಂದು ಮನೆಯಲ್ಲಿ ಕಂಡುಹಿಡಿಯುವ ನಂಬಬಹುದಾದ ದಾರಿ ಇಲ್ಲ. ಬಣ್ಣ ಒಂದೇ, ವಾಸನೆ ಹತ್ತಿರ ಹತ್ತಿರ. ಸಾಂದ್ರತೆ ಅಳೆಯುವ ತೇಲುಮಾಪಕವೂ ಸೋಲುತ್ತದೆ. ಮೆಥನಾಲ್‌ನ ಸಾಂದ್ರತೆ 0.79ರ ಆಸುಪಾಸು, ಎಥನಾಲ್‌ನದೂ 0.79, ಐಸೊಪ್ರೊಪೈಲ್‌ನದು 0.786. ಜ್ವಾಲೆಯ ಬಣ್ಣ ನೋಡುವ ಪರೀಕ್ಷೆಗಳನ್ನು ನೆಚ್ಚಬೇಡಿ. ಯಾರಾದರೂ ಕುಡಿದಿದ್ದರೆ, ಅಥವಾ ಮಗು ಬಾಟಲಿಗೆ ಬಾಯಿ ಹಾಕಿದ್ದರೆ, ತಕ್ಷಣ 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಆಸ್ಪತ್ರೆಯಲ್ಲಿ ಆ ಕಿಣ್ವವನ್ನು ತಡೆಯುವ ಚಿಕಿತ್ಸೆ ಇದೆ, ಬೇಗ ಹೋದಷ್ಟೂ ಉಳಿಯುವುದು ಹೆಚ್ಚು. ವಾಂತಿ ಮಾಡಿಸಬೇಡಿ. ಕುಡಿದದ್ದು ಸೀಮೆಎಣ್ಣೆ, ಟರ್ಪಂಟೈನ್, ತಿನ್ನರ್ ಆಗಿದ್ದರಂತೂ ವಾಂತಿಯ ಹೊತ್ತಿಗೆ ಅದು ಶ್ವಾಸಕೋಶಕ್ಕೆ ಇಳಿಯುವುದೇ ದೊಡ್ಡ ಅಪಾಯ.

ಮೆಥನಾಲ್ ಚರ್ಮದ ಮೂಲಕವೂ ಒಳಗಿಳಿಯುತ್ತದೆ. 2020ರ ಕೋವಿಡ್ ಕಾಲದಲ್ಲಿ ಹಲವು ದೇಶಗಳಲ್ಲಿ ಮೆಥನಾಲ್ ಬೆರೆತ ಸ್ಯಾನಿಟೈಜರ್‌ಗಳು ಸಿಕ್ಕಿಬಿದ್ದವು. ಲೇಬಲ್ ಇಲ್ಲದ ಸ್ಯಾನಿಟೈಜರ್ ಕೈಗೆ ಹಾಕಿಕೊಳ್ಳಬೇಡಿ.

ಒರೆಸಿ ಶುದ್ಧ ಮಾಡಲು: 70 ಶೇಕಡಾ ಏಕೆ, ಹೇಗೆ

99 ಶೇಕಡಾ ಇದ್ದರೆ ರೋಗಾಣು ಹೆಚ್ಚು ಸಾಯುತ್ತವೆ ಎಂಬುದು ತಪ್ಪು ಲೆಕ್ಕ. ಆಲ್ಕೋಹಾಲ್ ರೋಗಾಣುವಿನ ಪ್ರೋಟೀನನ್ನು ಕೆಡಿಸಲು ನೀರು ಬೇಕು. ನೀರಿಲ್ಲದಿದ್ದರೆ ಹೊರಪದರ ಬೇಗ ಗಟ್ಟಿಯಾಗಿ ಒಳಗೆ ಇಳಿಯುವುದು ಕಡಿಮೆ, ಜೊತೆಗೆ ಕೆಲಸ ಮುಗಿಯುವ ಮುನ್ನ ದ್ರವ ಆವಿಯಾಗಿ ಹೋಗುತ್ತದೆ. 70ರ ಸುತ್ತ ಇದ್ದರೆ ಅರ್ಧ ನಿಮಿಷ ಒದ್ದೆ ನಿಲ್ಲುತ್ತದೆ, ಅಷ್ಟು ಹೊತ್ತು ಬೇಕೇ ಬೇಕು.

250 ಮಿ.ಲೀ. ಮಾಡಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ 177 ಮಿ.ಲೀ. ಅಳೆದು, ಡಿಸ್ಟಿಲ್ಡ್ ನೀರನ್ನು ಒಟ್ಟು 250ರ ಗೆರೆ ಮುಟ್ಟುವವರೆಗೆ ಹಾಕಿ. ಲೆಕ್ಕ ಸುಲಭ: ಬೇಕಾದ ಗಾತ್ರ ಗುಣಿಸು 70, ಭಾಗಿಸು 99. ಒಂದು ಲೀಟರಿಗೆ 707 ಮಿ.ಲೀ. ‘177 ಆಲ್ಕೋಹಾಲ್, 73 ನೀರು’ ಎಂದು ಎರಡನ್ನೂ ಪ್ರತ್ಯೇಕ ಅಳೆದು ಸೇರಿಸಿದರೆ 250 ಆಗುವುದಿಲ್ಲ, ಸ್ವಲ್ಪ ಕಡಿಮೆ ಬರುತ್ತದೆ. ಎರಡೂ ಬಗೆಯ ಅಣುಗಳು ಒಂದರ ನಡುವೆ ಒಂದು ಒತ್ತಾಗಿ ಕೂರುತ್ತವೆ. ಆದ್ದರಿಂದಲೇ ‘ಗೆರೆಯವರೆಗೆ’ ಎಂದದ್ದು.

ಬೋರ್‌ವೆಲ್ ನೀರು ಹಾಕಿದರೆ ಬಾಟಲಿಯ ತಳದಲ್ಲಿ ಬಿಳಿ ಪುಡಿ ಕೂರಬಹುದು. ಗಡಸು ನೀರಿನ ಲವಣಗಳು ಆಲ್ಕೋಹಾಲಿನಲ್ಲಿ ಕರಗದೆ ಹೊರಬೀಳುತ್ತವೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಮೇಜು, ಬಾಗಿಲ ಹಿಡಿ, ಥರ್ಮಾಮೀಟರ್ ಒರೆಸಲು ಸಾಕು. ಇಂಜೆಕ್ಷನ್‌ಗೆ ಮುಂಚೆ ಚರ್ಮ ಒರೆಸಲು ಮನೆಯಲ್ಲಿ ಬೆರೆಸಿದ್ದು ಬೇಡ, ಮೆಡಿಕಲ್ ಶಾಪಿನ ಮೊಹರಾದ ಸ್ವಾಬ್ ತೆಗೆದುಕೊಳ್ಳಿ. ತೆರೆದ ಗಾಯಕ್ಕೆ ಯಾವ ಸ್ಪಿರಿಟೂ ಬೇಡ, ಹೊಸ ಜೀವಕೋಶಗಳೂ ಸುಟ್ಟುಹೋಗುತ್ತವೆ.

ಸಂಸ್ಥೆಗಳಲ್ಲಿ ಹೆಚ್ಚು ಪ್ರಮಾಣದ ಕೈ-ಒರೆಸುವ ದ್ರವ ಬೇಕಾದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವಿದೆ. 10 ಲೀಟರಿಗೆ 99.8 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ 7515 ಮಿ.ಲೀ., 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., 98 ಶೇಕಡಾ ಗ್ಲಿಸರಿನ್ 145 ಮಿ.ಲೀ., ಉಳಿದದ್ದು ಡಿಸ್ಟಿಲ್ಡ್ ಅಥವಾ ಕುದಿಸಿ ಆರಿಸಿದ ನೀರು. ಪೆರಾಕ್ಸೈಡ್ ಇರುವುದು ಕೈ ಮೇಲಿನ ರೋಗಾಣುವಿಗಲ್ಲ, ಬಾಟಲಿಯೊಳಗೆ ಉಳಿದ ಬೀಜಾಣುಗಳಿಗೆ. ಅವುಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ. ಬೆರೆಸಿ 72 ಗಂಟೆ ಇಟ್ಟ ಮೇಲೆ ಬಳಸಬೇಕು.

ಬ್ಲೀಚಿಂಗ್ ದ್ರಾವಣದ ಜೊತೆ ಐಸೊಪ್ರೊಪೈಲ್ ಅಥವಾ ಅಸಿಟೋನ್ ಎಂದೂ ಬೆರೆಸಬೇಡಿ. ಕ್ಲೋರೊಫಾರ್ಮ್‌ನಂಥ ವಿಷಕಾರಿ ವಸ್ತುಗಳು ಹುಟ್ಟುತ್ತವೆ.

ಬೋರ್ಡ್ ತೊಳೆಯಲು: ಇಲ್ಲಿ 99 ಶೇಕಡಾ

ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ, ಕೆಲಸ ಮುಗಿದ ಮೇಲೂ ಉಳಿಯುವ ಫ್ಲಕ್ಸ್‌ನ ಬಹುಪಾಲು ರಾಳ. ಮೂರು ಇಂಗಾಲದ ಬಾಲ ರಾಳವನ್ನು ಹಿಡಿಯುತ್ತದೆ, ಆಕ್ಸಿಜನ್ ತುದಿ ಜೊತೆಯ ಆಮ್ಲೀಯ ಉಳಿಕೆಯನ್ನು ಹಿಡಿಯುತ್ತದೆ. ಮೆಡಿಕಲ್ ಶಾಪಿನ 70 ಶೇಕಡಾ ದ್ರವದಲ್ಲಿ ಮೂವತ್ತು ಭಾಗ ನೀರು ಇದೆ, ಅದು ಚಿಪ್ಪಿನ ಅಡಿ ಸೇರಿ ಉಳಿದ ಆಮ್ಲದ ಜೊತೆ ಕೂಡಿ ತಾಮ್ರವನ್ನು ತಿನ್ನುತ್ತದೆ.

ಮೊದಲು ಕರೆಂಟ್ ತೆಗೆದು, ಬ್ಯಾಟರಿಯ ಕನೆಕ್ಟರ್ ಕಳಚಿ. ಬೇಕಾದಷ್ಟನ್ನೇ, ಹದಿನೈದು ಇಪ್ಪತ್ತು ಮಿ.ಲೀ., ಚಿಕ್ಕ ಗಾಜಿನ ಬಟ್ಟಲಿಗೆ ಸುರಿದು ದೊಡ್ಡ ಬಾಟಲಿಯ ಮುಚ್ಚಳ ತಕ್ಷಣ ಹಾಕಿ, ಇದು ಗಾಳಿಯ ತೇವ ಹೀರುತ್ತದೆ. ಗಟ್ಟಿ ಕೂದಲಿನ ಆಂಟಿಸ್ಟಾಟಿಕ್ ಬ್ರಷ್ ಅದ್ದಿ, ಬೋರ್ಡನ್ನು ಓರೆಯಾಗಿ ಹಿಡಿದು ಮೇಲಿನಿಂದ ಕೆಳಕ್ಕೆ ತಿಕ್ಕಿ. ಕೊಳೆ ಕರಗಿದ ದ್ರವ ಒಣಗುವ ಮುನ್ನ ನಾರು ಬಿಡದ ಬಟ್ಟೆಯಿಂದ ಒತ್ತಿ ಹೀರಿ. ಮತ್ತೆ ಹೊಸ ದ್ರವ, ಮತ್ತೆ ಅದೇ ಕೆಲಸ. ಅರ್ಧ ಗಂಟೆ ಒಣಗಲು ಬಿಡಿ, ಬೆಸುಗೆಯ ಗುಂಡುಗಳು ಅಡಿಯಲ್ಲೇ ಇರುವ ಬಿಜಿಎ ಚಿಪ್ಪಿದ್ದರೆ ಇನ್ನೂ ಹೆಚ್ಚು, ಆಮೇಲೆ ಕರೆಂಟ್ ಕೊಡಿ.

ಒಣಗಿದ ಮೇಲೆ ಬಿಳಿ ಪೊರೆ ಉಳಿದರೆ ಆಲ್ಕೋಹಾಲ್ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. ರಾಳ ಅರೆಬರೆ ಕರಗಿ, ಎತ್ತದೇ ಬಿಟ್ಟದ್ದು ಹರಡಿಕೊಂಡಿದೆ. ಎರಡನೇ ಸುತ್ತಿನ ಶುದ್ಧ ದ್ರವ ಉಳಿಸಲು ಹೋದಾಗ ಆಗುವ ಎಡವಟ್ಟು ಇದು. ಸ್ಪೀಕರ್, ಮೈಕ್‌ಗಳ ಜಾಲರಿಗೆ ದ್ರವ ಇಳಿಯದಂತೆ ನೋಡಿ. ಅಕ್ರಿಲಿಕ್, ಪಾಲಿಕಾರ್ಬೊನೇಟ್ ಪರದೆಗಳ ಮೇಲೆ ಹಚ್ಚಬೇಡಿ, ನಾಲ್ಕಾರು ದಿನದಲ್ಲಿ ಕೂದಲೆಳೆ ಬಿರುಕು ಬರಬಹುದು. ಅಸಿಟೋನ್ ಆದರೆ ಎಬಿಎಸ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಉಗುರುಬಣ್ಣ ತೆಗೆಯುವ ದ್ರವದಿಂದ ಕೀಬೋರ್ಡ್ ಒರೆಸಿದರೆ ಮೇಲ್ಮೈ ಅಂಟಂಟಾಗಿ ಮಂಕಾಗುವುದು ಇದಕ್ಕೇ.

ಅರಗಿನ ಪಾಲಿಶ್: ಎರಡು ಇಂಗಾಲದ ಕೆಲಸ

ಹಳೇ ತೇಗದ ಬಾಗಿಲು, ಬೀಟೆಯ ಕುರ್ಚಿಗಳಿಗೆ ಬಡಗಿಗಳು ಹಾಕುವ ಸ್ಪಿರಿಟ್ ಪಾಲಿಶ್ ಅರಗಿನದು. ಇದೇ ಅರಗನ್ನು ಚನ್ನಪಟ್ಟಣದ ಗೊಂಬೆಯವರು ಸ್ಪಿರಿಟ್ ಇಲ್ಲದೆ ಬಳಸುತ್ತಾರೆ. ತಿರುಗುವ ಚರಕಿಯಲ್ಲಿ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಕರಗಿ ಅಂಟುತ್ತದೆ. ಬಾಗಿಲನ್ನು ಚರಕಿಗೆ ಹಾಕಲಾಗದು, ಹಾಗಾಗಿ ಕರಗಿಸಬೇಕು.

ಅರಗು ಎಥನಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ, ವೈಟ್ ಸ್ಪಿರಿಟ್‌ನಲ್ಲಿ ಕರಗುವುದೇ ಇಲ್ಲ. ‘ಪಾಲಿಶ್ ಸ್ಪಿರಿಟ್’ ಎಂದು ಬಿಡಿಯಾಗಿ ಮಾರುವುದರಲ್ಲಿ ಮೆಥನಾಲ್ ಎಷ್ಟಿದೆ ಎಂದು ತಿಳಿಯುವುದಿಲ್ಲ. ಲೇಬಲ್ ಇರುವ ಡಿನೇಚರ್ಡ್ ಎಥನಾಲ್ ಕೊಳ್ಳಿ, ನೈಟ್ರೈಲ್ ಕೈಗವಸು ಹಾಕಿ, ಕಿಟಕಿ ತೆರೆದು ಕೆಲಸ ಮಾಡಿ.

ಅರ್ಧ ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಹಳುಕು ಹಾಕಿದರೆ ಮೈ ತುಂಬುವ ದಪ್ಪ ಪಾಲಿಶ್, 60 ಗ್ರಾಂ ಹಾಕಿದರೆ ಕೊನೆಯ ಸುತ್ತಿಗೆ ಬೇಕಾದ ತೆಳುವಾದದ್ದು. ಹಳುಕನ್ನು ಒರಳಲ್ಲಿ ಒರಟಾಗಿ ಕುಟ್ಟಿ ಗಾಜಿನ ಜಾಡಿಗೆ ಹಾಕಿ ಸ್ಪಿರಿಟ್ ಸುರಿದು ಮುಚ್ಚಿಡಿ. ತಗಡಿನ ಡಬ್ಬಿ ಬೇಡ, ಅರಗಿನ ಆಮ್ಲಗಳು ಕಬ್ಬಿಣದ ಜೊತೆ ಸೇರಿ ದ್ರಾವಣ ಕಪ್ಪಾಗುತ್ತದೆ. ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ಅಲುಗಿಸದಿದ್ದರೆ ತಳದಲ್ಲಿ ಮುದ್ದೆ ಕಟ್ಟುತ್ತದೆ. ಬೇಗ ಕರಗಲೆಂದು ಒಲೆಯ ಮೇಲೆ ಇಡಲೇಬೇಡಿ. ಒಂದು ದಿನ ಬಿಟ್ಟು ಹಳೆ ಪಂಚೆಯ ಎರಡು ಮಡಿಕೆಯಲ್ಲಿ ಸೋಸಿ, ಜಾಡಿಯ ಮೇಲೆ ತಾರೀಖು ಬರೆಯಿರಿ.

ಆರು ತಿಂಗಳು ದಾಟಿದ ಅರಗಿನ ದ್ರಾವಣ ಅನುಮಾನದ್ದು. ಅರಗಿನ ಆಮ್ಲ ನಿಧಾನವಾಗಿ ಸ್ಪಿರಿಟ್ ಜೊತೆಗೇ ಸೇರಿಕೊಂಡು ಎಂದೂ ಗಟ್ಟಿಯಾಗದ ಅಂಟಾಗುತ್ತದೆ. ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು ಹದಿನೈದು ನಿಮಿಷದ ಮೇಲೆ ಉಗುರಿನಿಂದ ಒತ್ತಿ. ಗುರುತು ಬಿದ್ದು ಅಂಟಿದರೆ ಆ ಜಾಡಿಯನ್ನು ಬಾಗಿಲಿಗೆ ಬಳಸಬೇಡಿ. ಹಚ್ಚಿದ ಮೇಲೆ ಅದನ್ನು ಕೆರೆದು ತೆಗೆಯುವುದು ಎರಡು ದಿನದ ಕೆಲಸ.

ಮರವನ್ನು 240, ಆಮೇಲೆ 320ರ ಎಮರಿ ಪೇಪರಿನಿಂದ ನಾರಿನ ದಿಕ್ಕಿನಲ್ಲೇ ಉಜ್ಜಿ ಧೂಳು ಒರೆಸಿ. ಹತ್ತಿಯ ಉಂಡೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನಿಂಬೆ ಗಾತ್ರದ ಪ್ಯಾಡ್ ಮಾಡಿ. ಪಾಲಿಶ್ ಹತ್ತಿಗೆ ಹಾಕಬೇಕು, ಹೊರಬಟ್ಟೆಗಲ್ಲ. ಪ್ಯಾಡನ್ನು ಬೆರಳಿಂದ ಒತ್ತಿದಾಗ ತೇವ ಕಾಣಬೇಕು, ಹನಿ ಬೀಳಬಾರದು. ಒಂದು ಕಡೆಯಿಂದ ಇನ್ನೊಂದು ಕಡೆಗೆ, ನಿಲ್ಲಿಸದೆ ಎಳೆಯಿರಿ. ನಡುವೆ ನಿಂತರೆ ಕೆಳಗಿನ ಪದರ ಕರಗಿ ಅಲ್ಲೇ ಬಟ್ಟೆಯ ಗುರುತು ಬೀಳುತ್ತದೆ. ಸುತ್ತಿನಿಂದ ಸುತ್ತಿಗೆ ಅರ್ಧದಿಂದ ಮುಕ್ಕಾಲು ಗಂಟೆ ಬಿಡಿ. ಮೂರು ಸುತ್ತಾದ ಮೇಲೆ ಒಂದು ರಾತ್ರಿ ಬಿಟ್ಟು 320ರಲ್ಲಿ ಹಗುರವಾಗಿ ಉಜ್ಜಿ. ಪ್ಯಾಡ್ ಎಳೆಯುವಾಗ ಅಂಟಿಕೊಂಡಂತೆ ಅನ್ನಿಸಿದರೆ ಒಂದೇ ಒಂದು ಹನಿ ಅಗಸೆಎಣ್ಣೆ ತಾಗಿಸಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನಲ್ಲಿ ಈ ಕೆಲಸ ಕೈಕೊಡುವುದು ಹೆಚ್ಚು. ಸ್ಪಿರಿಟ್ ಬೇಗ ಆವಿಯಾಗುವಾಗ ಮರದ ಮೈ ತಣ್ಣಗಾಗುತ್ತದೆ, ಮಳೆಗಾಲದ ಗಾಳಿಯ ತೇವ ಅಲ್ಲಿ ಸಾಂದ್ರಗೊಂಡು ಅರಗಿನೊಳಗೆ ಸಿಕ್ಕಿಕೊಂಡು ಹೊಗೆ ಹಿಡಿದಂತೆ ಬಿಳಿ ಮಸುಕು ಬರುತ್ತದೆ. ಸ್ಪಿರಿಟ್‌ನಲ್ಲೇ ನೀರು ಹೆಚ್ಚಿದ್ದರೂ ಇದೇ ಗತಿ. ಬಿಸಿಲು ಬಂದ ಮೇಲೆ, ಬೆಳಗ್ಗೆ ಹನ್ನೊಂದರಿಂದ ಮೂರರ ನಡುವೆ ಕೆಲಸ ಇಟ್ಟುಕೊಳ್ಳಿ. ಮಸುಕು ಬಂದೇಬಿಟ್ಟರೆ ಉಜ್ಜಿ ತೆಗೆಯಲು ಅವಸರ ಬೇಡ. ಒಣಹವೆಯ ದಿನ ಹೊಸ ಸ್ಪಿರಿಟ್‌ನಲ್ಲಿ ಬರೀ ತೇವ ಮಾಡಿದ ಪ್ಯಾಡನ್ನು ಗರಿಯಂತೆ ಒಮ್ಮೆ ಸವರಿದರೆ ಮೇಲಿನ ಪದರ ಮತ್ತೆ ಕರಗಿ ಸಿಕ್ಕಿಬಿದ್ದ ತೇವ ಹೊರಹೋಗುತ್ತದೆ, ಮರದ ಬಣ್ಣ ಮತ್ತೆ ಎದ್ದು ಬರುತ್ತದೆ.

ಬಣ್ಣ, ಅಂಟು, ಗ್ರೀಸ್

ಎನಾಮೆಲ್ ಬಣ್ಣ ತೆಳು ಮಾಡಲು, ಬ್ರಷ್ ತೊಳೆಯಲು ವೈಟ್ ಸ್ಪಿರಿಟ್. ಅಂಗಡಿಯವರು ಟರ್ಪಂಟೈನ್ ಎಂದು ಕೊಡುವುದು ಸಾಮಾನ್ಯವಾಗಿ ಇದನ್ನೇ, ಪೈನ್ ಮರದ ಎಣ್ಣೆಯನ್ನಲ್ಲ. ಹೊಸ ಡಬ್ಬಿ, ಪಾತ್ರೆಗಳ ಸ್ಟಿಕ್ಕರ್ ಅಂಟಿಗೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಎಷ್ಟೋ ಸಲ ಅಷ್ಟೇ ಸಾಕು, ಸಾಲ್ವೆಂಟ್ ಬೇಕಾಗುವುದಿಲ್ಲ. ಬೈಕಿನ ಚೈನಿನ ಗ್ರೀಸ್ ತೆಗೆಯಲು ಪೆಟ್ರೋಲ್ ಬಳಸುವುದನ್ನು ಬಿಡಿ, ವೈಟ್ ಸ್ಪಿರಿಟ್ ಅದೇ ಕೆಲಸವನ್ನು ಕಡಿಮೆ ಅಪಾಯದಲ್ಲಿ ಮಾಡುತ್ತದೆ. ಈಗಿನ ಪೆಟ್ರೋಲ್‌ನಲ್ಲಿ 20 ಶೇಕಡಾದವರೆಗೆ ಎಥನಾಲ್ ಬೇರೆ ಇರುತ್ತದೆ.

ಚಪ್ಪಲಿ, ಬ್ಯಾಗ್ ಅಂಟಿಸುವ ಗೋಂದುಗಳಲ್ಲಿ ಹೆಕ್ಸೇನ್ ಇರಬಹುದು. ಆರು ಇಂಗಾಲದ ಈ ನೇರ ಸರಪಳಿಯನ್ನು ದೇಹ 2,5-ಹೆಕ್ಸೇನ್‌ಡೈಓನ್ ಆಗಿ ಬದಲಿಸುತ್ತದೆ, ಅದು ನರಗಳನ್ನು ಕೊಲ್ಲುತ್ತದೆ. ಮುಚ್ಚಿದ ಕೋಣೆಯಲ್ಲಿ ತಿಂಗಳುಗಟ್ಟಲೆ ಈ ಕೆಲಸ ಮಾಡುವವರಿಗೆ ಮೊದಲು ಪಾದದ ಬೆರಳು ಜೋಮು ಹಿಡಿಯುತ್ತದೆ, ಆಮೇಲೆ ನಡಿಗೆ ತಪ್ಪುತ್ತದೆ. ಒಂದು ಎಕ್ಸಾಸ್ಟ್ ಫ್ಯಾನನ್ನು ನೆಲದ ಮಟ್ಟಕ್ಕೆ ಹತ್ತಿರ ಹಾಕಿಸಿ, ಏಕೆಂದರೆ ಹೆಕ್ಸೇನ್ ಆವಿ ಗಾಳಿಯ ಮೂರು ಪಟ್ಟು ಭಾರ.

ಬೆಂಕಿ, ಇಡುವ ಜಾಗ, ಉಳಿದದ್ದು

ಕಿಡಿ ಕಂಡರೆ ಹೊತ್ತಿಕೊಳ್ಳುವಷ್ಟು ಆವಿ ಯಾವ ತಾಪದಲ್ಲಿ ಏಳುತ್ತದೆ ಎಂಬುದಕ್ಕೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಐಸೊಪ್ರೊಪೈಲ್‌ಗೆ ಅದು 12 ಡಿಗ್ರಿ, ಎಥನಾಲ್‌ಗೆ 13, ಮೆಥನಾಲ್‌ಗೆ 11, ಅಸಿಟೋನ್‌ಗೆ ಮೈನಸ್ 20. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ. ಇಂಥ ಅಪರೂಪದ ಬೆಳಗು ಬಿಟ್ಟರೆ ವರ್ಷದ ಎಲ್ಲ ದಿನವೂ ಈ ದ್ರವಗಳ ಆವಿ ಬೆಂಕಿಗೆ ಸಿದ್ಧವಾಗಿಯೇ ಇರುತ್ತದೆ. ವೈಟ್ ಸ್ಪಿರಿಟ್‌ನದು 35ರಿಂದ 40ರ ಸುತ್ತ, ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಅದನ್ನೂ ನಂಬುವಂತಿಲ್ಲ.

ಇವುಗಳ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗುತ್ತದೆ. ಹಾಲ್‌ನಲ್ಲಿ ಪಾಲಿಶ್ ಮಾಡುವ ದಿನ ದೇವರ ಮನೆಯ ದೀಪ ಆರಿದೆಯೇ ನೋಡಿ, ಒಲೆ ಬೇಡ, ಸೊಳ್ಳೆ ಬತ್ತಿಯೂ ಬೇಡ. ಯುಪಿಎಸ್ ಬ್ಯಾಟರಿ ಇಟ್ಟಿರುವ ಮೆಟ್ಟಿಲ ಕೆಳಗಿನ ಜಾಗವನ್ನು ತಿನ್ನರ್ ಡಬ್ಬಿಗಳ ಗೂಡು ಮಾಡಬೇಡಿ, ರಿಲೇಯ ಕಿಡಿ ಸಾಕು. ಮೆಥನಾಲ್, ಎಥನಾಲ್ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾಗಿರಬಹುದು, ಆರಿದೆ ಎಂದು ಕೈ ಹಾಕಬೇಡಿ. ಚಿಕ್ಕ ಬೆಂಕಿಯನ್ನು ತಟ್ಟೆ ಅಥವಾ ಒದ್ದೆ ಗೋಣಿಯಿಂದ ಮುಚ್ಚಿ. ವೈಟ್ ಸ್ಪಿರಿಟ್, ಪೆಟ್ರೋಲ್ ಉರಿಯುತ್ತಿದ್ದರೆ ನೀರು ಎರಚಬೇಡಿ, ಅದರ ಮೇಲೆ ತೇಲಿಕೊಂಡು ಬೆಂಕಿ ಹರಡುತ್ತದೆ. ಕೈಮೀರಿದರೆ ಹೊರಗೆ ಬಂದು 112ಕ್ಕೆ ಕರೆ ಮಾಡಿ.

ತಂಪು ಪಾನೀಯದ ಬಾಟಲಿಗೆ, ಕುಡಿಯುವ ನೀರಿನ ಬಾಟಲಿಗೆ ಇವುಗಳನ್ನು ಸುರಿದಿಡುವುದು ಬೇಡವೇ ಬೇಡ. ಬೇರೆ ಬಾಟಲಿಗೆ ಹಾಕಲೇಬೇಕಾದರೆ ಅಣುವಿನ ಹೆಸರು, ಶೇಕಡಾ, ತಾರೀಖು ಮೂರನ್ನೂ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆಯಿರಿ, ‘ಸ್ಪಿರಿಟ್’ ಎಂದಷ್ಟೇ ಅಲ್ಲ. ಬಾಟಲಿಯ ಕುತ್ತಿಗೆ ಮಟ್ಟದವರೆಗೆ ತುಂಬಬೇಡಿ, ಹತ್ತನೇ ಒಂದು ಪಾಲು ಖಾಲಿ ಬಿಡಿ.

ಉಳಿದ ದ್ರವವನ್ನು ಸಿಂಕಿಗೆ, ಚರಂಡಿಗೆ ಸುರಿಯಬೇಡಿ. ಒಳಚರಂಡಿಯ ಕೊಳವೆಯಲ್ಲಿ ಆವಿ ನಿಲ್ಲುತ್ತದೆ, ಮ್ಯಾನ್‌ಹೋಲ್ ಹತ್ತಿರ ಕೆಲಸ ಮಾಡುವವರು ಅದರ ಪಕ್ಕದಲ್ಲೇ ಇರುತ್ತಾರೆ. ಬ್ರಷ್ ತೊಳೆದ ವೈಟ್ ಸ್ಪಿರಿಟ್ ಅನ್ನು ಮುಚ್ಚಿದ ಗಾಜಿನ ಜಾಡಿಯಲ್ಲಿ ಒಂದು ವಾರ ಇಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಬಸಿದು ಮತ್ತೆ ಬಳಸಬಹುದು. ತಳದ ಕೆಸರನ್ನು ಒಣಗಿಸಿ, ಕಸ ಕೊಡುವಾಗ ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸದೆ ಅಪಾಯಕಾರಿ ಎಂದು ಬರೆದು ಪ್ರತ್ಯೇಕ ಕೊಡಿ. ಅಗಸೆಎಣ್ಣೆ ತಾಗಿದ ಬಟ್ಟೆಗಳನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿಯ ಜೊತೆ ಸೇರುವಾಗ ತಾನೇ ಬಿಸಿಯಾಗಿ, ಯಾರೂ ಕಡ್ಡಿ ಗೀರದೆಯೂ ಹೊತ್ತಿಕೊಳ್ಳುತ್ತದೆ. ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರವಿ, ಗರಿಗರಿಯಾಗಿ ಒಣಗಿದ ಮೇಲೆ ಕಸಕ್ಕೆ ಹಾಕಿ.